ಏಟು ಪಾತ್ರಕ್ಕೆ, ಶಿಕ್ಷೆ ನನಗೆ

ಚೌಕಾಬಾರವಾಗಲಿ, ಪಗಡೆಯಾಗಲಿ, ಸರದಿ ಬರುವುದೇ ಆಟದ ಸುಖ. ಅಮೆರಿಕದಲ್ಲಿ 1981ರಲ್ಲಿ ಬಂದ 'ಚಾಂಪಿಯನ್ಸ್' ಎಂಬ ಸೂಪರ್‌ಹೀರೋ ಆಟದ ಒಂದು ನಿಯಮ ಈ ಸುಖವನ್ನೇ ಕಸಿಯುತ್ತದೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳದಲ್ಲೇ ಕಾದಾಡುವ ಆಟವದು. ರಕ್ಷಣೆ ಕಳೆದ ಮೇಲೂ ಒಂದೇ ಏಟಿನ 'ಸ್ಟನ್' ನಷ್ಟ ಪಾತ್ರದ ದೇಹದಾರ್ಢ್ಯದ ಅಂಕವನ್ನು ಮೀರಿದರೆ ಪಾತ್ರ ಮಂಕಾಗುತ್ತದೆ. ದಾರ್ಢ್ಯ 20 ಇದ್ದು 21 ಹೋದರೂ ಸಾಕು. ತಪ್ಪಿಸಿಕೊಳ್ಳುವ ಶಕ್ತಿ ಅರ್ಧಕ್ಕಿಳಿಯುತ್ತದೆ. ಮುಂದಿನ ಸರದಿ ಚೇತರಿಕೆಯಲ್ಲೇ ಮುಗಿಯುತ್ತದೆ.

ಏಟು ತಿಂದದ್ದು ಪಾತ್ರ. ಬಾಯಿ ಮುಚ್ಚಿ ಕೂರುವವಳು ನಾನೇಕೆ? ಊಟಕ್ಕೆ ಕರೆದು ಎಲೆ ಹಾಕದಿರುವುದು ಯಾವ ನ್ಯಾಯ? "ನೀನು ಸುಮ್ಮನಿರು" ಎಂಬ ಮಾತು ನಾವು ಮನೆಯಲ್ಲಿ ಕೇಳಿದ್ದು ಸಾಲದೇ?

"ಏಟಿಗೆ ಬೆಲೆ ಬೇಡವೇ?" ಎನ್ನುತ್ತಾರೆ. ಬೇಕು. ರಕ್ಷಣೆ ಅರ್ಧವಾಗಲಿ, ಹೊಡೆಯುವುದು ಬೇಡ; ಆದರೆ ತೆವಳಲಿ, ಕೂಗಿ ಜೊತೆಯವರನ್ನು ಎಚ್ಚರಿಸಲಿ. ಖಳನಿಗೂ ಅದೇ ನಿಯಮವಿರಲಿ. 'ಮ್ಯೂಟೆಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್' ಆಟದ 2011ರ ಮೂರನೆಯ ಆವೃತ್ತಿ 'ಡೇಜ್ಡ್' ಆದವರಿಗೂ ಸರದಿಗೊಂದು ಕೆಲಸ ಉಳಿಸಿದೆ. ಅದರಿಂದ ಆಟವೇನೂ ಸಪ್ಪೆಯಾಗಿಲ್ಲ.

ಪುಸ್ತಕ ಅವರದು, ಮೇಜು ನಮ್ಮದು. ಮನೆಯ ನಿಯಮವನ್ನು ದಾಳ ಉರುಳುವ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳವೆನ್ನುತ್ತಾರೆ.