ಬೀದಿಯವರಿಲ್ಲದ ಬೀದಿ ಹಬ್ಬ

‘ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆ ನಮ್ಮಲ್ಲಿದೆ. ಈಗಿನ ಬೀದಿ ಹಬ್ಬಗಳನ್ನು ನೋಡಿದರೆ ಆ ಗಾದೆಯನ್ನು ಕೊಂಚ ತಿದ್ದಿ, ‘ಯಾರದೋ ಬೀದಿ, ಇನ್ಯಾರದೋ ಜಾತ್ರೆ’ ಎನ್ನಬೇಕೆನಿಸುತ್ತದೆ.

ದೊಡ್ಡ ನಗರಗಳ ಈ ಪದ್ಧತಿ ನಮ್ಮಂಥ ಊರುಗಳಿಗೂ ಬಂದಿದೆ. ನಮ್ಮೂರಲ್ಲಿ ತಿಂಗಳಿಗೊಂದು ಶನಿವಾರ ಸಂಜೆ ಪೇಟೆ ಬೀದಿಗೆ ವಾಹನ ಬಿಡುವುದಿಲ್ಲ. ಎರಡೂ ತುದಿಗೆ ಬ್ಯಾರಿಕೇಡು, ಉದ್ದಕ್ಕೂ ಸೀರಿಯಲ್ ಸೆಟ್ಟು, ಒಂದು ಕೊನೆಯಲ್ಲಿ ವೇದಿಕೆ, ಎರಡು ಬದಿಗೂ ಬಿಳಿ ಬಟ್ಟೆಯ ಮಳಿಗೆಗಳು. ಕರಪತ್ರದಲ್ಲಿ ‘ನಮ್ಮ ಸಂಸ್ಕೃತಿ, ನಮ್ಮ ಸಂಗೀತ, ನಮ್ಮ ವ್ಯಾಪಾರ’ ಎಂದು ಅಚ್ಚು ಹಾಕಿಸಿದ್ದಾರೆ. ‘ನಮ್ಮ’ ಎಂಬ ಮಾತು ಮೂರು ಸಲ ಬಂದಿದೆ. ಆ ‘ನಮ್ಮ’ದೊಳಗೆ ಯಾರಿದ್ದಾರೆ, ಯಾರಿಲ್ಲ ಎನ್ನುವುದೇ ನನ್ನ ತಕರಾರು.

ಹಬ್ಬವೇ ಬೇಡ ಎನ್ನುವವಳು ನಾನಲ್ಲ. ನಮ್ಮ ಊರುಗಳಲ್ಲಿ ಹೆಂಗಸರಿಗೆ ಬೀದಿ ಎಂದರೆ ದಾಟಿ ಹೋಗುವ ಜಾಗ, ನಿಲ್ಲುವ ಜಾಗವಲ್ಲ. ಗಂಡಸರು ಕಟ್ಟೆಯ ಮೇಲೆ, ಬೀಡಾ ಅಂಗಡಿಯ ಮುಂದೆ, ಸರ್ಕಲ್ಲಿನಲ್ಲಿ ಗಂಟೆಗಟ್ಟಲೆ ನಿಂತರೂ ಯಾರೂ ಏಕೆಂದು ಕೇಳುವುದಿಲ್ಲ. ನಾವು ಹತ್ತು ನಿಮಿಷ ಸುಮ್ಮನೆ ನಿಂತರೆ, ‘ಯಾರಿಗಮ್ಮಾ ಕಾಯ್ತಿದ್ದೀರಿ?’ ಎಂಬ ಪ್ರಶ್ನೆ ಬರುತ್ತದೆ. ಅಂಥದ್ದರಲ್ಲಿ ಮುಸ್ಸಂಜೆಯ ಹೊತ್ತು ಮಕ್ಕಳ ಕೈಬಿಟ್ಟು, ಹಿಂದಿನಿಂದ ಹಾರನ್ನಿನ ಭಯವಿಲ್ಲದೆ, ರಸ್ತೆಯ ನಟ್ಟನಡುವೆ ನಡೆಯುವುದು ಸಣ್ಣ ಸುಖವಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 2020ರ ನವೆಂಬರಿನಿಂದ 2021ರ ಫೆಬ್ರವರಿಯವರೆಗೆ ಶನಿವಾರ, ಭಾನುವಾರ ವಾಹನ ನಿಲ್ಲಿಸಿ ನೋಡಿದರು. ಸೇಂಟ್ ಮಾರ್ಕ್ಸ್ ರಸ್ತೆಗೂ ಬ್ರಿಗೇಡ್ ರಸ್ತೆಗೂ ನಡುವಿನ ಆ ಪುಟ್ಟ ಬೀದಿ ಗಾಡಿಗಳಿಲ್ಲದೆ ಹೇಗಿರಬಹುದೆಂಬುದು ಜನಕ್ಕೆ ಕಣ್ಣಾರೆ ಕಂಡಿತು. ವಾಹನವನ್ನು ಹೊರಗಿಟ್ಟು ಮನುಷ್ಯರನ್ನು ಒಳಗೆ ಕರೆದರೆ ಬೀದಿ ಬೀದಿಯಾಗುತ್ತದೆ. ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ.

ಆದರೆ ನಮ್ಮೂರಲ್ಲಿ ವಾಹನದ ಜೊತೆಗೆ ಮನುಷ್ಯರನ್ನೂ ಹೊರಗಿಡುತ್ತಾರೆ.

ಆ ಬೀದಿಯಲ್ಲಿ ದಿನವೂ ಕೂರುವವರು ಯಾರು? ಬ್ಯಾಂಕಿನ ಮೆಟ್ಟಿಲ ಬದಿಯಲ್ಲಿ ಹೂವಿನವರು ನಾಲ್ವರು. ಗೋಣಿತಾಟು ಹಾಸಿ ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟು ಜೋಡಿಸುವ ಹಳ್ಳಿಯ ಹೆಂಗಸರು. ನಿಂಬೆಹಣ್ಣು, ವೀಳ್ಯದೆಲೆಯವರು. ಬಳೆಯ ತಳ್ಳುಗಾಡಿ, ಕಡಲೆಕಾಯಿ ಹುರಿಯುವವನ ಬಾಣಲೆ. ಹಬ್ಬದ ದಿನ ಮಧ್ಯಾಹ್ನ ಎರಡು ಗಂಟೆಗೆಲ್ಲ ಇವರನ್ನು ಎಬ್ಬಿಸುತ್ತಾರೆ. ಮೊದಲ ತಿಂಗಳು ನಾನು ಮಲ್ಲಿಗೆ ಕೊಳ್ಳಲು ಹೋದಾಗ ಹೂವಿನಾಕೆ ಬುಟ್ಟಿ ಹೊತ್ತು ಹೊರಟಿದ್ದಳು. ಏಕೆಂದು ಕೇಳಿದರೆ, “ಇವತ್ತು ಇಲ್ಲಿ ಕೂರಂಗಿಲ್ವಂತೆ ಕಣಕ್ಕ, ಹಬ್ಬವಂತೆ” ಎಂದಳು. ಹೂವಿಲ್ಲದ ಹಬ್ಬವನ್ನು ನಾನು ಕೇಳಿದ್ದೇ ಅಂದು.

ಸಂಘಟಕರನ್ನು ಕೇಳಿದರೆ ಉತ್ತರಗಳಿಗೆ ಬರವಿಲ್ಲ. ‘ತಿಂಗಳಿಗೆ ಒಂದೇ ದಿನ ತಾನೇ?’ ಎನ್ನುವುದು ಮೊದಲನೆಯದು. ಸಂಬಳದವರಿಗೆ ಒಂದು ದಿನ ಎಂದರೆ ರಜೆ. ಬೀದಿಯಲ್ಲಿ ಮಾರುವವರ ಲೆಕ್ಕವೇ ಬೇರೆ. ಬೆಳಿಗ್ಗೆ ಕೈಸಾಲ ತಂದು, ಹೂವು ಕೊಂಡು, ಮಾರಿ, ಸಂಜೆ ತೀರಿಸುವವರು ಎಷ್ಟೋ ಜನ. ಒಂಬೈನೂರು ಕೈಗೆ ಕೊಟ್ಟು ಸಂಜೆಗೆ ಸಾವಿರ ವಸೂಲು ಮಾಡುವ ಲೇವಾದೇವಿಯವರು ಹಬ್ಬವೆಂದು ಬಡ್ಡಿ ಬಿಡುತ್ತಾರೆಯೇ? ಈ ದಿನವಹಿ ಬಡ್ಡಿಯ ಕಾಟ ಕಂಡೇ ರಾಜ್ಯ ಸರ್ಕಾರ 2018ರಲ್ಲಿ ‘ಬಡವರ ಬಂಧು’ ಎಂದು ಬಡ್ಡಿಯಿಲ್ಲದ ಸಾಲದ ಯೋಜನೆ ತಂದದ್ದು. 2020ರಲ್ಲಿ ಕೇಂದ್ರ ಸರ್ಕಾರ ಬೀದಿ ವ್ಯಾಪಾರಿಗಳಿಗೆ ಮೊದಲ ಕಂತಿನಲ್ಲಿ 10,000 ರೂಪಾಯಿ ಸಾಲ ಕೊಡಿಸುವ ಯೋಜನೆ ತಂದದ್ದು. ಒಂದು ಕೈಯಲ್ಲಿ ಸಾಲ ಕೊಟ್ಟು, ಇನ್ನೊಂದು ಕೈಯಲ್ಲಿ ಜಾಗ ಕಿತ್ತುಕೊಂಡರೆ ಆ ಸಾಲ ತೀರುವುದು ಹೇಗೆ? ಮೇಲಾಗಿ, ಮಲ್ಲಿಗೆ ಮಾರನೆಯ ದಿನಕ್ಕೆ ಕಾಯುವುದಿಲ್ಲ. ಮಳಿಗೆಯವರ ಮೇಣದಬತ್ತಿ, ಕುರ್ತಾ, ಕಿವಿಯೋಲೆ ಈ ತಿಂಗಳು ಹೋಗದಿದ್ದರೆ ಬರುವ ತಿಂಗಳು ಹೋಗುತ್ತದೆ. ಶನಿವಾರದ ಸಂಜೆ, ಜನ ತುಂಬಿ ತುಳುಕುವ ಹೊತ್ತು, ಯಾರ ಸರಕು ಸಂಜೆಗೇ ಬಾಡುವುದೋ ಅವರನ್ನೇ ಎಬ್ಬಿಸುವುದು ಯಾವ ನ್ಯಾಯ?

‘ಮಳಿಗೆ ಎಲ್ಲರಿಗೂ ತೆರೆದಿದೆ, ಬಾಡಿಗೆ ಕಟ್ಟಿ ಬರಲಿ’ ಎನ್ನುವುದು ಎರಡನೆಯ ಉತ್ತರ. ಒಂದು ಸಂಜೆಯ ಮಳಿಗೆ ಬಾಡಿಗೆ ಕೇಳಿಕೊಂಡು ಬಂದೆ. ಹೂವಿನಾಕೆ ವಾರವಿಡೀ ಮಾರಿದರೂ ಅಷ್ಟು ಲಾಭ ಕಾಣಳು. ತೆರೆದ ಬಾಗಿಲಿನ ಹೊಸ್ತಿಲನ್ನು ಎದೆಯೆತ್ತರ ಕಟ್ಟಿ, ‘ಬಾಗಿಲು ತೆರೆದೇ ಇದೆ’ ಎಂದರೆ ಅದು ಕರೆಯುವ ರೀತಿಯಲ್ಲ. ಇಬ್ಬರೋ ಮೂವರೋ ಸ್ವಸಹಾಯ ಸಂಘದವರಿಗೆ ಪುಕ್ಕಟೆ ಮಳಿಗೆ ಕೊಟ್ಟಿದ್ದೇವೆಂದು ಫೋಟೊ ತೋರಿಸುತ್ತಾರೆ. ಒಳ್ಳೆಯದೇ. ಆದರೆ ಆ ಮಳಿಗೆಗಳಿದ್ದದ್ದು ವೇದಿಕೆಯ ಹಿಂದೆ, ಜನರೇಟರಿನ ಪಕ್ಕದಲ್ಲಿ. ಹಪ್ಪಳ ಸಂಡಿಗೆಗೆ ಡೀಸೆಲ್ಲಿನ ವಾಸನೆ ಹತ್ತಿದ್ದೊಂದೇ ಬಂತು.

ಮೂರನೆಯ ಉತ್ತರವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ‘ನೋಡೋಕೆ ಚೆನ್ನಾಗಿರಲ್ಲ’ ಎಂಬುದು. ಗೋಣಿತಾಟು, ಹರಿದ ಕೊಡೆ, ಸೊಪ್ಪಿನ ನೀರು ಫೋಟೊದಲ್ಲಿ ಬಂದರೆ ಕೆಟ್ಟದಾಗಿ ಕಾಣುತ್ತದಂತೆ. ಅದೇ ಹಬ್ಬದ ವೇದಿಕೆಯ ಹಿಂದಿನ ಪರದೆಯ ಮೇಲೆ ಏನು ಬರೆಸಿದ್ದರು ಗೊತ್ತೇ? ತಲೆಯ ಮೇಲೆ ಬುಟ್ಟಿ ಹೊತ್ತ ಹಳ್ಳಿಯ ಹೆಂಗಸಿನ ಚಿತ್ರ! ಚಿತ್ರದಲ್ಲಿ ಆಕೆ ಸಂಸ್ಕೃತಿ, ಬೀದಿಯಲ್ಲಿ ಮಾತ್ರ ಅಡಚಣೆ.

ಬೀದಿಯಲ್ಲಿ ಹಬ್ಬ ಮಾಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವಾರದ ಸಂತೆ ಇನ್ನೇನು? ಕೊಳ್ಳುವುದು, ತಿನ್ನುವುದು, ನೆಂಟರನ್ನು ಕಾಣುವುದು, ಗಂಡುಹೆಣ್ಣು ನೋಡುವ ಮಾತು ತೆಗೆಯುವುದು, ಹಾವಾಡಿಸುವವನ ಹಿಂದೆ ಮಕ್ಕಳು ಓಡುವುದು, ಎಲ್ಲವೂ ಅಲ್ಲೇ ಆಗುತ್ತಿತ್ತು. ಬೆಂಗಳೂರಿನ ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನೇ ನೋಡಿ. ಬೆಳೆ ತಿಂದುಹೋಗುತ್ತಿದ್ದ ಬಸವನಿಗೆ ಸುತ್ತಣ ಹಳ್ಳಿಯ ರೈತರು ಮೊದಲ ಫಸಲು ಒಪ್ಪಿಸಿದರೆಂಬ ಕಥೆಯಿಂದ ಹುಟ್ಟಿದ ಪರಿಷೆ ಅದು. ಆ ಹಳ್ಳಿಗಳು ನಗರದೊಳಗೆ ಕರಗಿಹೋದರೂ ಕಾರ್ತೀಕದ ಕೊನೆಯ ಸೋಮವಾರ ಇವತ್ತಿಗೂ ದೊಡ್ಡ ಬಸವಣ್ಣನ ಗುಡಿಯ ರಸ್ತೆಯಲ್ಲಿ ಕಡಲೆಕಾಯಿ ರಾಶಿ ಬೀಳುತ್ತದೆ. ಹಸಿ, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು, ಮೇಲೊಂದು ಹಿಡಿ ಕೊಸರು ಹಾಕುವವರನ್ನು ಆ ರಸ್ತೆಯಿಂದ ಎಬ್ಬಿಸಿದರೆ ಪರಿಷೆಯೇ ಇಲ್ಲ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ನಡೆಸಿಕೊಂಡು ಬಂದ ಚಿತ್ರಸಂತೆಯೂ ಇಂಥದ್ದೇ. ಚಿತ್ರ ಬರೆದವರೇ ಪಾದಚಾರಿ ಮಾರ್ಗದ ಮೇಲೆ ಕೂತು ಮಾರುತ್ತಾರೆ. ಎರಡರಲ್ಲೂ ಮಾರುವವರು ಹಬ್ಬದ ಒಡೆಯರು. ನಮ್ಮೂರ ಹಬ್ಬದಲ್ಲಿ ಅವರೇ ಹಬ್ಬಕ್ಕೆ ಅಡ್ಡಿ.

ಇದು ದಯೆ ದಾಕ್ಷಿಣ್ಯದ ಮಾತೂ ಅಲ್ಲ, ಕಾನೂನಿನ ಮಾತು. ಬೀದಿಬದಿಯ ವ್ಯಾಪಾರ ಸಂವಿಧಾನ ಕೊಟ್ಟ ವೃತ್ತಿಯ ಹಕ್ಕಿನೊಳಗೆ ಬರುತ್ತದೆ, ಅದಕ್ಕೆ ತಕ್ಕ ಕಟ್ಟುಪಾಡು ಹಾಕಬಹುದಷ್ಟೇ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. 2014ರಲ್ಲಿ ಇದಕ್ಕಾಗಿಯೇ ಒಂದು ಕಾಯಿದೆ ಬಂತು. ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಆಮೇಲೂ 30 ದಿನದ ನೋಟಿಸು ಕೊಡಬೇಕು. ಬಹುಕಾಲದಿಂದ ಜನ ಸೇರಿ ಕೊಂಡು ಮಾರುವ ಜಾಗವನ್ನು ಸ್ವಾಭಾವಿಕ ಮಾರುಕಟ್ಟೆಯೆಂದು ಗುರುತಿಸಿದ ಮೇಲೆ ಅಲ್ಲಿ ವ್ಯಾಪಾರ ನಿಷೇಧಿಸುವಂತಿಲ್ಲ. ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ ಇರಬೇಕು. ಅದರಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳೇ ಆರಿಸಿ ಕಳಿಸಿದ ವ್ಯಾಪಾರಿಗಳಿರಬೇಕು. ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಹದಿನೈದು ಜನರ ಸಮಿತಿಯಾದರೆ ಆರು ವ್ಯಾಪಾರಿಗಳು, ಅದರಲ್ಲಿ ಇಬ್ಬರು ಹೆಂಗಸರು ಎಂದಾಯಿತು. ಒಂದು ಸಂಜೆ ಎಬ್ಬಿಸುವುದು ಎತ್ತಂಗಡಿಯೋ ಅಲ್ಲವೋ ಎಂದು ವಕೀಲರು ವಾದ ಮಾಡಲಿ. ಹಬ್ಬದ ತಾರೀಖು ಗೊತ್ತು ಮಾಡುವ ಮೊದಲು ಆ ಇಬ್ಬರು ಹೆಂಗಸರನ್ನು ಒಂದು ಮಾತು ಕೇಳಿದ್ದಾರೆಯೇ ಎನ್ನುವುದಷ್ಟೇ ನನ್ನ ಪ್ರಶ್ನೆ.

ಇನ್ನು ಸಂಗೀತದ ಸಂಗತಿ. ಉದ್ಘಾಟನೆಗೆ ಡೊಳ್ಳು ಕುಣಿತದವರನ್ನು ಕರೆಸುತ್ತಾರೆ. ಗಣ್ಯರನ್ನು ವೇದಿಕೆಯವರೆಗೆ ಮುಟ್ಟಿಸುವುದಷ್ಟೇ ಅವರ ಕೆಲಸ. ಗಣ್ಯರು ಕುರ್ಚಿಯ ಮೇಲೆ ಕೂತರು ಎಂದರೆ ಡೊಳ್ಳು ಕೆಳಗಿಳಿಯಿತು. ವೇದಿಕೆ ಹತ್ತುವುದು ಆಳೆತ್ತರದ ಸ್ಪೀಕರು, ಅದರೊಳಗೆ ಸಿನಿಮಾ ಹಾಡು. ಸಿನಿಮಾ ಹಾಡಿನ ಮೇಲೆ ನನಗೆ ಕೋಪವಿಲ್ಲ, ಮನೆಯಲ್ಲಿ ದಿನವೂ ಕೇಳುತ್ತೇನೆ. ಆದರೆ ‘ನಮ್ಮ ಸಂಗೀತ’ವೆಂದು ಅಚ್ಚು ಹಾಕಿಸಿದ ಮೇಲೆ ಸೋಬಾನೆ ಹೇಳುವ ಹೆಂಗಸರಿಗೆ, ಕಂಸಾಳೆಯವರಿಗೆ, ತತ್ವಪದದವರಿಗೆ ಅರ್ಧ ಗಂಟೆಯಾದರೂ ಬೇಡವೇ? ಅವರಿಗೆ ಅಷ್ಟು ದೊಡ್ಡ ಸ್ಪೀಕರೂ ಬೇಕಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಬಾರದೆಂದು 2000ನೇ ಇಸವಿಯ ನಿಯಮವಿದೆ. ಹಬ್ಬ ಹರಿದಿನಕ್ಕೆಂದು ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಅದೂ ಸರ್ಕಾರ ಅನುಮತಿ ಕೊಟ್ಟರೆ ಮಾತ್ರ, ನಡುರಾತ್ರಿಯ ತನಕ ರಿಯಾಯಿತಿ. ತಿಂಗಳ ಹಬ್ಬವೊಂದೇ ಆ ಹದಿನೈದರಲ್ಲಿ ಹನ್ನೆರಡನ್ನು ನುಂಗಿದರೆ ಗಣೇಶನಿಗೂ ರಾಜ್ಯೋತ್ಸವಕ್ಕೂ ಊರ ದೇವರಿಗೂ ಸೇರಿ ಉಳಿಯುವುದು ಮೂರು. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆಯ ತಾಯಂದಿರಿಗೆ ಈ ಲೆಕ್ಕ ಬೇಗ ತಿಳಿಯುತ್ತದೆ.

ನಮ್ಮ ಮರ್ಯಾದೆಯ ಸಂಗತಿಯೊಂದನ್ನೂ ಹೇಳಿಬಿಡಬೇಕು. ಅಷ್ಟು ಜನ ಸೇರುವ ಬೀದಿಯಲ್ಲಿ ಹೆಂಗಸರಿಗೆ ಒಂದು ಶೌಚಾಲಯವಿಲ್ಲ. ಮೂತ್ರಕ್ಕೆ ಹೋಗಬೇಕಾಗುತ್ತದೆಂದು ನೀರು ಕುಡಿಯದೆ ಬರುವುದು, ಎಳೆ ಕೂಸಿಗೆ ಹಾಲೂಡಿಸಲು ಬಟ್ಟೆ ಅಂಗಡಿಯ ಟ್ರಯಲ್ ರೂಮನ್ನು ಬೇಡುವುದು, ಇದೆಲ್ಲ ಯಾರ ಸಂಸ್ಕೃತಿ? ಲಕ್ಷಗಟ್ಟಲೆ ದೀಪಕ್ಕೆ ಸುರಿಯುವವರಿಗೆ ನಾಲ್ಕು ತಾತ್ಕಾಲಿಕ ಶೌಚಾಲಯ ಭಾರವಾಯಿತೇ? ಹಬ್ಬ ಮುಗಿದ ಬೆಳಿಗ್ಗೆ ಐದಕ್ಕೆ ತಟ್ಟೆ, ಲೋಟ, ಎಲೆ, ಎಂಜಲು ಬಳಿಯುವವರೂ ಹೆಂಗಸರೇ. ಏಕಬಳಕೆಯ ಪ್ಲಾಸ್ಟಿಕ್ಕಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧವಿದೆ. ಆ ಪೌರಕಾರ್ಮಿಕರ ಕೈಗಾಡಿಯಲ್ಲಿ ಇಣುಕಿ ನೋಡಿದವರಿಗೆ ಆ ನಿಷೇಧದ ಯೋಗ್ಯತೆ ತಿಳಿಯುತ್ತದೆ.

ಹಾಗಾದರೆ ಏನು ಮಾಡಬೇಕೆಂದು ಕೇಳಬಹುದು. ದೊಡ್ಡ ಯೋಜನೆಯೇನೂ ಬೇಡ. ಹೂವಿನವರು, ಸೊಪ್ಪಿನವರು ದಿನಾ ಕೂರುವ ಜಾಗದಲ್ಲೇ ಆ ಸಂಜೆಯೂ ಕೂರಲಿ, ಬಾಡಿಗೆಯಿಲ್ಲದೆ. ಮಳಿಗೆಗಳು ಅವರನ್ನು ಬಿಟ್ಟು ಉಳಿದ ಜಾಗದಲ್ಲಿ ಏಳಲಿ. ವಾಹನ ಹೊರಗೆ ಹೋದ ಮೇಲೆ ರಸ್ತೆಯ ಅಗಲವೆಲ್ಲ ಖಾಲಿಯಿರುತ್ತದೆ, ಜಾಗಕ್ಕೆ ಕೊರತೆ ಎಲ್ಲಿಂದ ಬಂತು? ಸೀರಿಯಲ್ ಸೆಟ್ಟಿನ ಒಂದು ಎಳೆ ಆ ಗೋಣಿತಾಟಿನ ಮೇಲೂ ಬೆಳಗಲಿ. ಹಾಡುವವರನ್ನು ಸುತ್ತಲ ಹಳ್ಳಿಗಳಿಂದ ಕರೆಸಿ, ಆಡಿದ ದಿನವೇ ಸಂಭಾವನೆ ಕೊಡಲಿ. ರಾತ್ರಿ ಹತ್ತಕ್ಕೆ ಸ್ಪೀಕರು ನಿಲ್ಲಲಿ. ಹೆಂಗಸರಿಗೆ ನೀರಿರುವ, ಚಿಲಕವಿರುವ, ದೀಪವಿರುವ ಶೌಚಾಲಯವಿರಲಿ. ಇವಿಷ್ಟಕ್ಕೂ ಆ ವೇದಿಕೆಯ ಹೂವಿನಲಂಕಾರದ ಖರ್ಚು ತಗುಲಲಾರದು.

ಆ ಅಲಂಕಾರದ ಹೂವು ಕೂಡ ಗುತ್ತಿಗೆದಾರನ ವ್ಯಾನಿನಲ್ಲಿ ಹೊರಗಿನಿಂದ ಬರುತ್ತದೆ ಎನ್ನುವುದನ್ನು ಗಮನಿಸಿದ್ದೀರಾ?

ಇದನ್ನು ಓದುವ ನೀವು ಬಹುಮಟ್ಟಿಗೆ ಕೊಳ್ಳುವವರು. ಹಬ್ಬ ನಡೆಯುವುದು ನಿಮ್ಮ ಪರ್ಸಿನ ಬಲದ ಮೇಲೆ, ಅದು ಸಂಘಟಕರಿಗೂ ಗೊತ್ತಿದೆ. ‘ಹೂವಿನವರು ಎಲ್ಲಿ?’ ಎಂದು ನೂರು ಹೆಂಗಸರು ಕೇಳಿದರೆ ಮುಂದಿನ ತಿಂಗಳು ಅವರು ತಾವಾಗಿಯೇ ಬುಟ್ಟಿಗೆ ಜಾಗ ಹುಡುಕುತ್ತಾರೆ. ನಿಮ್ಮೂರಲ್ಲಿ ಪಟ್ಟಣ ವ್ಯಾಪಾರ ಸಮಿತಿ ಇದೆಯೇ, ಅದರಲ್ಲಿ ಹೆಂಗಸರು ಎಷ್ಟು ಮಂದಿ, ಸಭೆ ಕೊನೆಯ ಸಲ ಸೇರಿದ್ದು ಎಂದು ಎಂದು ನಗರಸಭೆಗೆ ಒಂದು ಕಾಗದ ಬರೆದು ಕೇಳಿ. ಮಹಿಳಾ ಸಮಾಜದ ಹೆಸರಿನಲ್ಲಿ ಬರೆದರೆ ಇನ್ನೂ ವಾಸಿ, ಹತ್ತು ಸಹಿ ಬಿದ್ದ ಕಾಗದವನ್ನು ಕಡತದ ತಳಕ್ಕೆ ಹಾಕುವುದು ಅಷ್ಟು ಸುಲಭವಲ್ಲ. ನಮ್ಮ ಬಡಾವಣೆಯ ಸಮಾಜದಿಂದ ನಾವು ಬರೆದಿದ್ದೇವೆ. ಹದಿನೇಳು ಸಹಿ ಆಗಿವೆ. ಅದರಲ್ಲಿ ನಾಲ್ಕು, ಬ್ಯಾಂಕಿನ ಮೆಟ್ಟಿಲ ಬದಿಯಲ್ಲಿ ಕೂರುವ ಹೂವಿನವರದು.