ನಾಲ್ಕು ಜನರ ಮಾತು

ಮಗಳಿಗೆ ವರನನ್ನು ಗೊತ್ತುಮಾಡಲು ಹೊರಟ ತಂದೆತಾಯಿಗಳು ಒಬ್ಬರ ಮಾತನ್ನೇ ನಂಬಿ ತಾಂಬೂಲ ಬದಲಾಯಿಸುವುದಿಲ್ಲ. ಹುಡುಗನ ಮೇಲಧಿಕಾರಿಯನ್ನು ವಿಚಾರಿಸುತ್ತಾರೆ, ನೆರೆಮನೆಯವರನ್ನು ಕೇಳುತ್ತಾರೆ, ಸಾಧ್ಯವಾದರೆ ಅವನ ಕಛೇರಿಯ ಜವಾನನ ಬಾಯಿಂದಲೂ ಎರಡು ಮಾತು ಹೊರಡಿಸುತ್ತಾರೆ. ಮೇಲಿನವರ ಮುಂದೆ ವಿನಯದಿಂದ ಕೈಕಟ್ಟಿ ನಿಲ್ಲುವವನು ಕೆಳಗಿನವರ ಮೇಲೆ ಹೇಗೆ ಹರಿಹಾಯುತ್ತಾನೆ ಎಂಬುದು ಮೇಲಿನವರಿಗೆ ಕಾಣುವುದಿಲ್ಲ. ಸಂಸಾರಸ್ಥರಿಗೆ ಈ ತಿಳಿವಳಿಕೆ ಹೊಸದಲ್ಲ. ಆದರೆ ಇದೇ ತಿಳಿವಳಿಕೆ ಕಛೇರಿಗಳ ಹೊಸ್ತಿಲನ್ನು ದಾಟಿ ಒಳಗೆ ಬರಲು ಬಹುಕಾಲ ಹಿಡಿಯಿತು. ಅಲ್ಲಿ ನೌಕರನ ಯೋಗ್ಯತೆಯನ್ನು ಅಳೆಯುವ ಅಧಿಕಾರ ಬಹುಮಟ್ಟಿಗೆ ಮೇಲಧಿಕಾರಿಯ ಲೇಖನಿಗೇ ಸೇರಿತ್ತು. ಸರ್ಕಾರಿ ಸೇವೆಯಲ್ಲಿಯಂತೂ ವರ್ಷಕ್ಕೊಮ್ಮೆ ಆತ ಬರೆದ ಷರಾ ‘ಗೋಪ್ಯ ವರದಿ’ ಎಂಬ ಹೆಸರಿನಲ್ಲಿ ಬೀರುವಿನೊಳಗೆ ಸೇರಿಬಿಡುತ್ತಿತ್ತು.

ಅಂತಹ ಒಂದು ಷರಾ ಎಷ್ಟು ಭಾರವಾಗಬಲ್ಲದೆಂಬುದಕ್ಕೆ ದೇವ್ ದತ್ ಎಂಬ ಎಂಜಿನಿಯರರ ಮೊಕದ್ದಮೆಯೇ ಸಾಕ್ಷಿ. ಅವರು ಗಡಿ ರಸ್ತೆಗಳ ಎಂಜಿನಿಯರಿಂಗ್ ಸೇವೆಯಲ್ಲಿ ಎಕ್ಸಿಕ್ಯೂಟಿವ್ ಎಂಜಿನಿಯರಾಗಿದ್ದವರು. ಸೂಪರಿಂಟೆಂಡಿಂಗ್ ಎಂಜಿನಿಯರ್ ಹುದ್ದೆಗೆ ಬಡ್ತಿ ದೊರೆಯಬೇಕಾದರೆ ಹಿಂದಿನ ಐದು ವರ್ಷಗಳ ವರದಿಗಳಲ್ಲಿಯೂ ‘ಬಹಳ ಒಳ್ಳೆಯದು’ ಎಂಬ ದರ್ಜೆ ಬೇಕಾಗಿತ್ತು. ನಾಲ್ಕು ವರ್ಷಗಳ ವರದಿಗಳಲ್ಲಿ ಆ ದರ್ಜೆ ಇತ್ತು. 1993-94ರ ವರದಿಯಲ್ಲಿ ಮಾತ್ರ ‘ಒಳ್ಳೆಯದು’ ಎಂದಷ್ಟೇ ಬರೆದಿತ್ತು. ಪ್ರತಿಕೂಲ ಷರಾ ಆಗಿದ್ದರೆ ಅದನ್ನು ನೌಕರನಿಗೆ ತಿಳಿಸುವ ಪದ್ಧತಿಯುಂಟು. ‘ಒಳ್ಳೆಯದು’ ಎಂಬುದು ಪ್ರತಿಕೂಲವಲ್ಲವಲ್ಲ! ಆದ್ದರಿಂದ ಯಾರೂ ಅವರಿಗೆ ತಿಳಿಸಲಿಲ್ಲ. ಅವರಿಗಿಂತ ಕಿರಿಯರು ಮೇಲಿನ ಹುದ್ದೆಗೆ ಏರಿದರು; ಅವರು ಇದ್ದಲ್ಲಿಯೇ ಉಳಿದರು.

ಹೈಕೋರ್ಟಿನಲ್ಲಿ ಸೋತು ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2008ರ ಮೇ ತಿಂಗಳಲ್ಲಿ ತೀರ್ಪು ಹೊರಬೀಳುವ ಹೊತ್ತಿಗೆ ಅವರು ನಿವೃತ್ತರಾಗಿದ್ದರು. ಬಡ್ತಿಯನ್ನು ತಪ್ಪಿಸುವ ಷರಾ ಹೆಸರಿಗೆ ಒಳ್ಳೆಯದಾದರೂ ಫಲದಲ್ಲಿ ಪ್ರತಿಕೂಲವೇ ಸರಿ, ಆದುದರಿಂದ ಯಾವ ದರ್ಜೆಯ ಷರಾ ಆದರೂ ಸಂಬಂಧಪಟ್ಟವರಿಗೆ ತಿಳಿಸಲೇಬೇಕು ಎಂದು ನ್ಯಾಯಾಲಯ ವಿಧಿಸಿತು. ಷರಾ ತಿದ್ದುಪಡಿಯಾಗಿ ಬಡ್ತಿ ದೊರೆತರೆ ಹೆಚ್ಚಿನ ಪಿಂಚಣಿಯನ್ನೂ, ಬಾಕಿ ಸಂಬಳವನ್ನು ಶೇಕಡ 8ರ ಬಡ್ಡಿಯೊಡನೆಯೂ ಕೊಡಬೇಕೆಂದು ಆಜ್ಞೆ ಮಾಡಿತು. ಮುಂದಿನ ವರ್ಷವೇ ಕೇಂದ್ರ ಸರ್ಕಾರ ಇಡೀ ವರದಿಯನ್ನು ನೌಕರನಿಗೆ ತೋರಿಸಬೇಕೆಂಬ ನಿಯಮ ಮಾಡಿತು; ವರದಿಯ ಹೆಸರಿನಿಂದ ‘ಗೋಪ್ಯ’ ಎಂಬ ಮಾತೇ ಬಿದ್ದುಹೋಯಿತು.

ಬೀರುವಿನ ಬಾಗಿಲು ತೆರೆಯಿತು, ನಿಜ. ಆದರೆ ಒಳಗಿದ್ದ ಕಾಗದ ಮಾತ್ರ ಮೇಲಿನಿಂದ ನೋಡಿದವರು ಬರೆದದ್ದೇ. ಒಂದು ಬ್ಯಾಂಕಿನ ಶಾಖೆಯನ್ನು ಊಹಿಸಿಕೊಳ್ಳಬಹುದು. ಅಲ್ಲಿನ ಮ್ಯಾನೇಜರರ ಮೇಲಧಿಕಾರಿಗೆ ಕಾಣುವುದು ಠೇವಣಿಯ ಲೆಕ್ಕ. ಜೊತೆಯ ಶಾಖೆಯವರಿಗೆ ಗೊತ್ತಿರುವುದು ಅವರು ಸಹಾಯಕ್ಕೆ ಒದಗುವರೋ ಇಲ್ಲವೋ ಎಂಬುದು. ಗುಮಾಸ್ತೆಗೆ ನೆನಪಿರುವುದು ಮಗುವಿಗೆ ಜ್ವರ ಬಂದ ದಿನ ತಾನು ರಜೆ ಕೇಳಿದಾಗ ಬಂದ ಉತ್ತರ. ಗಿರಾಕಿಗೆ ನೆನಪಿರುವುದು ಕೌಂಟರಿನ ಮುಂದೆ ಕಾದ ಹೊತ್ತು. ಇವರಲ್ಲಿ ಯಾರೂ ಸುಳ್ಳು ಹೇಳುವವರಲ್ಲ. ಆದರೆ ಯಾರೊಬ್ಬರ ಮಾತೂ ಪೂರ್ಣವಲ್ಲ. ಈ ಎಲ್ಲರ ಅಭಿಪ್ರಾಯಗಳನ್ನೂ ಒಂದೇ ಪ್ರಶ್ನಾವಳಿಯ ಮೂಲಕ ಸಂಗ್ರಹಿಸಿ, ಮ್ಯಾನೇಜರರು ತಮ್ಮ ವಿಷಯದಲ್ಲಿ ತಾವೇ ಕೊಟ್ಟುಕೊಂಡ ಅಂಕಗಳ ಪಕ್ಕದಲ್ಲಿಟ್ಟು ತೋರಿಸುವುದೇ ಬಹುಮೂಲ ಮೌಲ್ಯಮಾಪನ. ಸುತ್ತಲೂ ಇರುವವರು ಹೇಳುವ ಮಾತಾದ್ದರಿಂದ ಇದಕ್ಕೆ ‘360 ಡಿಗ್ರಿ’ ಪದ್ಧತಿ ಎಂಬ ಹೆಸರೂ ಇದೆ.

ಕೇಳಲು ಸರಳವಾದ ಈ ಕ್ರಮದಲ್ಲಿ ಮೊದಲ ತೊಡಕು ಭಯ. ತನ್ನ ರಜೆಗೆ ರುಜು ಹಾಕುವವರ ಕುಂದನ್ನು ಹೆಸರು ಬರೆದು ಹೇಳುವ ಧೈರ್ಯ ಎಷ್ಟು ಜನರಿಗಿದ್ದೀತು? 1994ರಲ್ಲಿ ಪ್ರಕಟವಾದ ಆಂಟೋನಿಯೊನಿ ಎಂಬ ವಿದ್ವಾಂಸರ ಅಧ್ಯಯನದಲ್ಲಿ, ಹೆಸರು ಹೇಳಿ ಬರೆದ ನೌಕರರು ಹೆಸರು ಮರೆಸಿ ಬರೆದವರಿಗಿಂತ ತಮ್ಮ ಅಧಿಕಾರಿಗಳಿಗೆ ಹೆಚ್ಚು ಅಂಕಗಳನ್ನು ಕೊಟ್ಟಿದ್ದರು. ಆದ್ದರಿಂದಲೇ ಹೇಳಿದವರ ಹೆಸರುಗಳನ್ನು ಮುಚ್ಚಿಟ್ಟು, ಹಲವರ ಉತ್ತರಗಳನ್ನು ಒಟ್ಟುಗೂಡಿಸಿ ಕೊಡುವುದು ವಾಡಿಕೆ.

ಆದರೆ ಹೇಳಿದವರ ಹೆಸರನ್ನು ಮುಚ್ಚುವುದು ಒಂದು. ಹೇಳಿದ ಮಾತನ್ನೇ ಮುಚ್ಚುವುದು ಇನ್ನೊಂದು. ಮೊದಲನೆಯದು ದುರ್ಬಲನಿಗೆ ರಕ್ಷಣೆ. ಎರಡನೆಯದು ಹಳೆಯ ಬೀರುವಿಗೆ ಹೊಸ ಬೀಗ. ಭಾರತ ಸರ್ಕಾರ 2015ರ ಸುಮಾರಿಗೆ ತನ್ನ ಹಿರಿಯ ಹುದ್ದೆಗಳಿಗೆ ಅಧಿಕಾರಿಗಳನ್ನು ಆರಿಸುವಾಗ ಬಹುಮೂಲ ಅಭಿಪ್ರಾಯವನ್ನು ಬಳಸತೊಡಗಿತು. 2017ರ ಆಗಸ್ಟಿನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯೊಂದು ಈ ಕ್ರಮವನ್ನು ಪರಿಶೀಲಿಸಿ, ಇದು ಪಾರದರ್ಶಕವಲ್ಲವೆಂದು ಆಕ್ಷೇಪಿಸಿತು. ಅಭಿಪ್ರಾಯಗಳನ್ನು ಅನೌಪಚಾರಿಕವಾಗಿ ಸಂಗ್ರಹಿಸುವುದರಿಂದ ಕೈವಾಡಕ್ಕೆ ಎಡೆಯಿದೆ. ಶಿಸ್ತಿನ ಕ್ರಮಕ್ಕೆ ಒಳಗಾದ ಕೆಳಗಿನವರೂ, ಅನುಚಿತವಾದ ಬೇಡಿಕೆ ಈಡೇರದ ಹೊರಗಿನವರೂ ಹಗೆ ತೀರಿಸಿಕೊಳ್ಳಬಹುದು ಎಂಬುದು ಸಮಿತಿಯ ಆತಂಕ. ತನ್ನನ್ನು ಕುರಿತು ಯಾವ ಮಾತು ಬಂದಿತೆಂಬುದೇ ತಿಳಿಯದ ಅಧಿಕಾರಿ ಅದಕ್ಕೆ ಉತ್ತರ ಹೇಳುವುದೆಂತು? ಇನ್ನು ತಿದ್ದಿಕೊಳ್ಳುವುದೆಂತು?

ಇಂಗ್ಲೆಂಡಿನ ವೈದ್ಯರ ಪದ್ಧತಿ ಇದಕ್ಕಿಂತ ಭಿನ್ನವಾದುದು. ಅಲ್ಲಿ 2012ರ ಕೊನೆಯಲ್ಲಿ ಜಾರಿಗೆ ಬಂದ ನಿಯಮದಂತೆ, ವೈದ್ಯರು ಐದು ವರ್ಷಗಳ ಅವಧಿಯಲ್ಲಿ ಒಮ್ಮೆಯಾದರೂ ಸಹೋದ್ಯೋಗಿಗಳ ಹಾಗೂ ರೋಗಿಗಳ ಅಭಿಪ್ರಾಯ ಪಡೆಯಬೇಕು. ಬಂದ ಅಭಿಪ್ರಾಯ ವೈದ್ಯರ ಕೈಗೇ ಸೇರುತ್ತದೆ. ಅದರಿಂದ ತಾವು ಕಲಿತದ್ದೇನೆಂದು ಅವರು ಇನ್ನೊಬ್ಬ ವೈದ್ಯರೊಡನೆ ಕುಳಿತು ಚರ್ಚಿಸಬೇಕಾಗುತ್ತದೆ.

ಮಾತು ಕೈಗೆ ಸೇರಿದ ಮಾತ್ರಕ್ಕೆ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂದೂ ಹೇಳುವಂತಿಲ್ಲ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು ಇಂತಹ ಹಿಂಬರಹಗಳನ್ನು ಕುರಿತ ನೂರಾರು ಪ್ರಯೋಗಫಲಗಳನ್ನು ಒಟ್ಟಿಗೆ ತೂಗಿ ನೋಡಿ 1996ರಲ್ಲಿ ಒಂದು ವಿಚಿತ್ರವನ್ನು ತಿಳಿಸಿದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ, ತಮ್ಮ ಕೆಲಸ ಹೇಗಿದೆಯೆಂದು ತಿಳಿದ ಮೇಲೆ ಜನರ ಕೆಲಸ ಇನ್ನೂ ಕೆಟ್ಟಿತ್ತು! ಮಾತು ಕೆಲಸವನ್ನು ಬಿಟ್ಟು ಅಭಿಮಾನವನ್ನು ಮುಟ್ಟಿದಷ್ಟೂ ಅದರ ಪ್ರಯೋಜನ ಕುಗ್ಗುತ್ತದೆಂಬುದು ಅವರ ವಿವರಣೆ. ‘ನೀವು ಅಹಂಕಾರಿ’ ಎಂದರೆ ಕೋಪ ಬರುತ್ತದೆ. ‘ಸಭೆಯಲ್ಲಿ ನೀವು ಕಿರಿಯರ ಮಾತನ್ನು ಮುಗಿಯಗೊಡುವುದಿಲ್ಲ’ ಎಂದರೆ ಮುಂದಿನ ಸಭೆಯಲ್ಲಿ ಮಾಡಬೇಕಾದುದೇನೆಂದು ತಿಳಿಯುತ್ತದೆ.

ಹಾಗಾದರೆ ಯಾರು ತಿದ್ದಿಕೊಳ್ಳುತ್ತಾರೆ? ವಾಕರ್ ಮತ್ತು ಸ್ಮಿದರ್ ಎಂಬುವರು 252 ಮಂದಿ ಮ್ಯಾನೇಜರರನ್ನು ಐದು ವರ್ಷಗಳ ಕಾಲ ಗಮನಿಸಿ 1999ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿದರು. ಕೈಗೆ ಬಂದ ವರದಿಯನ್ನು ಮೇಜಿನ ಖಾನೆಗೆ ಸೇರಿಸದೆ, ತಮ್ಮ ಕೈಕೆಳಗಿನವರನ್ನು ಕರೆದು ಅದರ ವಿಷಯವಾಗಿ ಮಾತನಾಡಿದವರು ಉಳಿದವರಿಗಿಂತ ಹೆಚ್ಚು ಸುಧಾರಿಸಿದ್ದರು. ಅಂಕಗಳ ಪಟ್ಟಿಗಿಂತ ಆ ಮಾತುಕತೆಯೇ ಹೆಚ್ಚು ಕೆಲಸ ಮಾಡಿತೆನ್ನಬೇಕು. ಮೇಜಿನ ಆಚೆ ಕುಳಿತವರು ‘ಇದನ್ನು ಬರೆದವರು ಯಾರು?’ ಎಂದು ಹುಡುಕದೆ, ‘ನಾನು ಬದಲಾಯಿಸಿಕೊಳ್ಳಬೇಕಾದ್ದು ಏನು?’ ಎಂದು ಕೇಳಿದರೆ, ಮುಂದಿನ ವರ್ಷ ಬರೆಯುವ ಕೈ ನಡುಗುವುದಿಲ್ಲ. ಬಡ್ತಿ, ಸಂಬಳಗಳ ಲೆಕ್ಕವನ್ನು ಆ ದಿನ ದೂರವಿಟ್ಟರೆ ಇನ್ನೂ ಲೇಸು. ಬಹುಮಾನವೋ ದಂಡವೋ ಎದುರಿಗಿದ್ದರೆ ಸ್ನೇಹಿತ ಹೊಗಳುತ್ತಾನೆ, ಸ್ಪರ್ಧಿ ತೆಗಳುತ್ತಾನೆ. ನಿಜ ಹೇಳುವವರು ಕಡಿಮೆ.

ನಾಲ್ಕು ಜನರನ್ನು ಕೇಳುವುದು ನ್ಯಾಯದ ಅರ್ಧ ಭಾಗ ಮಾತ್ರ. ಕೇಳಿದ್ದನ್ನು ಐದನೆಯವನಿಗೆ, ಅಂದರೆ ಯಾರನ್ನು ಕುರಿತು ಕೇಳಿದರೋ ಅವನಿಗೆ, ಕಾಲ ಮೀರುವ ಮುನ್ನ ತಿಳಿಸುವುದು ಉಳಿದರ್ಧ. ಗಡಿ ರಸ್ತೆಗಳ ಆ ಎಂಜಿನಿಯರರು ಹೈಕೋರ್ಟು, ಸುಪ್ರೀಂ ಕೋರ್ಟುಗಳನ್ನು ಹತ್ತಿ, ತಲೆ ನರೆತ ಮೇಲೆ ಪಡೆದ ನ್ಯಾಯ ದೊಡ್ಡದು. ಆದರೆ 1994ರ ಯಾವುದೋ ಒಂದು ಮಧ್ಯಾಹ್ನ ಮೇಲಧಿಕಾರಿಯೊಬ್ಬರು ಅವರನ್ನು ಒಳಗೆ ಕರೆದು, ‘ಈ ವರ್ಷ ನಿಮ್ಮ ಕೆಲಸಕ್ಕೆ ಒಂದು ದರ್ಜೆ ಕಡಿಮೆ ಬರೆದಿದ್ದೇನೆ, ಕಾರಣ ಇದು’ ಎಂದು ಹೇಳಿದ್ದರೆ ಸಾಕಾಗುತ್ತಿತ್ತು.