ಚೂರ್ಣದ ಡಬ್ಬಿ ಮತ್ತು ಚಲ ಗುಣ

ಊರು ಬಿಟ್ಟು ಬಂದ ನಾವು ನಾಲ್ಕು ಜನ ಸೇರಿದರೆ ಬಾಡಿಗೆ, ಟ್ರಾಫಿಕ್ ಮುಗಿದ ಮೇಲೆ ಮಾತು ಹೊಟ್ಟೆಗೆ ಬರುತ್ತದೆ. ಪುಣೆಯ ಹಿಂಜವಡಿಯಲ್ಲಿ ನಮ್ಮ ದಿನಚರಿಯೇ ಹಾಗಿದೆ. ಬೆಳಿಗ್ಗೆ ಪೋಹೆ, ದಿನವಿಡೀ ಕುರ್ಚಿ, ಅಮೆರಿಕದವರ ಕಾಲ್ ಮುಗಿಸಿ ರಾತ್ರಿ 11ಕ್ಕೆ ಊಟ. ಮಲಬದ್ಧತೆ ಬಾರದಿದ್ದರೇ ಆಶ್ಚರ್ಯ. ಅದಕ್ಕೆ ಪರಿಹಾರವೂ ಮೊಬೈಲಿನಲ್ಲೇ ಸಿಗುತ್ತದೆ: ‘ಆಯುರ್ವೇದಿಕ್, ಅಡ್ಡಪರಿಣಾಮವಿಲ್ಲ’ ಎಂದು ಬರೆದ ಚೂರ್ಣದ ಡಬ್ಬಿ. ನನ್ನ ತಂಡದ ಗೆಳೆಯನೊಬ್ಬ ಎರಡು ವರ್ಷದಿಂದ ಪ್ರತಿ ರಾತ್ರಿ ಅದನ್ನು ನುಂಗುತ್ತಿದ್ದಾನೆ. ಮೊದಲು ಒಂದು ಚಮಚ ಸಾಕಾಗುತ್ತಿತ್ತು. ಈಗ ಎರಡಾದರೂ ಸಾಲದು.

ಆಯುರ್ವೇದದ ಹೆಸರಿನಲ್ಲಿ ಮಾರುವವರು ಆಯುರ್ವೇದವನ್ನೇ ಅರ್ಧಕ್ಕೆ ಕತ್ತರಿಸಿದ್ದಾರೆ ಎಂಬುದು ನನ್ನ ತಕರಾರು. ದ್ರವ್ಯಗಳಿಗೆ 20 ಗುಣಗಳನ್ನು ಹೇಳುವ ಈ ಶಾಸ್ತ್ರ ಅವನ್ನು ಬಿಡಿಯಾಗಿ ಹೇಳುವುದಿಲ್ಲ, 10 ಜೋಡಿಗಳಾಗಿ ಹೇಳುತ್ತದೆ. ಗುರುವಿಗೆ ಎದುರು ಲಘು, ಶೀತಕ್ಕೆ ಉಷ್ಣ, ಸ್ಥಿರಕ್ಕೆ ಚಲ. ಈ ಚಲವನ್ನೇ ಕೆಲವೆಡೆ ‘ಸರ’ ಎಂದೂ ಕರೆಯುತ್ತಾರೆ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಮಂತ್ರಿಯಾಗಿದ್ದ ಹೇಮಾದ್ರಿ (ಮಹಾರಾಷ್ಟ್ರದಲ್ಲಿ ‘ಹೇಮಾಡಪಂತಿ’ ದೇವಾಲಯಗಳ ಹೆಸರಿನಿಂದ ಪರಿಚಿತನಾದವನು) ಅಷ್ಟಾಂಗಹೃದಯಕ್ಕೆ ವ್ಯಾಖ್ಯಾನ ಬರೆದ. ಅವನ ಪ್ರಕಾರ ಹಿಡಿದಿಡುವ ಶಕ್ತಿ ಸ್ಥಿರ, ತಳ್ಳುವ ಶಕ್ತಿ ಚಲ. ಒಂದು ಒಳ್ಳೆಯದು, ಇನ್ನೊಂದು ಕೆಟ್ಟದ್ದು ಎಂಬ ಲೆಕ್ಕ ಇಲ್ಲಿಲ್ಲ.

ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು. ತಳ್ಳುವುದರಲ್ಲೂ ದರ್ಜೆಗಳಿವೆ. ಶಾರ್ಙ್ಗಧರ ಸಂಹಿತೆ ನಾಲ್ಕು ಬಗೆ ಹೇಳುತ್ತದೆ. ಮಲವನ್ನು ಪಕ್ವಗೊಳಿಸಿ, ಕಟ್ಟು ಬಿಡಿಸಿ ಕೆಳಗಿಳಿಸುವುದು ಅನುಲೋಮನ. ಇದಕ್ಕೆ ಉದಾಹರಣೆ ನಮ್ಮ ಅಳಲೆಕಾಯಿ. ಪಕ್ವವಾಗುವ ಮೊದಲೇ ಜಾರಿಸುವುದು ಸ್ರಂಸನ, ಅದಕ್ಕೆ ಕಕ್ಕೆ. ಗಟ್ಟಿಯಾದದ್ದನ್ನು ಒಡೆದು ಹೊರಹಾಕುವುದು ಭೇದನ, ಅದಕ್ಕೆ ಕಟುಕರೋಹಿಣಿ. ಎಲ್ಲವನ್ನೂ ನೀರಾಗಿಸಿ ಹೊರದಬ್ಬುವುದು ರೇಚನ, ಅದಕ್ಕೆ ತಿಗಡೆ. ಎದುರು ಬದಿಯೂ ಖಾಲಿಯಿಲ್ಲ. ಅಡುಗೆಮನೆಯ ಒಣಶುಂಠಿ, ಜೀರಿಗೆಗಳು ದ್ರವವನ್ನು ಹೀರಿ ಹಿಡಿದಿಡುವ ‘ಗ್ರಾಹಿ’ ಗುಂಪಿನಲ್ಲಿವೆ. ಇಷ್ಟು ಸೂಕ್ಷ್ಮವಾಗಿ ವಿಂಗಡಿಸಿದವರ ಹೆಸರಿನಲ್ಲಿ ಎಲ್ಲರಿಗೂ, ಎಲ್ಲ ರಾತ್ರಿಗೂ ಒಂದೇ ಚಮಚ!

ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರ ಓದಿ. ಹಲವು ಚೂರ್ಣಗಳಲ್ಲಿ ಮುಖ್ಯ ಕೆಲಸ ಮಾಡುವುದು ಸೋನಾಮುಖಿ. ಅದರ ಸೆನ್ನೋಸೈಡ್‌ಗಳನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಒಡೆಯುತ್ತವೆ. ಆಗ ಕರುಳು ಹಿಂಡಿಕೊಳ್ಳುತ್ತದೆ, ನೀರು ಹೀರುವುದು ತಗ್ಗುತ್ತದೆ. ಅಲೋಪತಿಯ ಮಾತ್ರೆಗಳಲ್ಲಿರುವುದೂ ಇದೇ ವಸ್ತು. ಅಲ್ಲಿ ‘ಕೆಲವು ದಿನ ಮಾತ್ರ’ ಎಂಬ ಎಚ್ಚರಿಕೆ ಇರುತ್ತದೆ. ಪುಡಿಯಾದ ಮಾತ್ರಕ್ಕೆ ಕರುಳಿಗೆ ವ್ಯತ್ಯಾಸ ತಿಳಿಯುತ್ತದೆಯೇ?

ನಾನು ವೈದ್ಯನಲ್ಲ, ಕೋಡ್ ಬರೆಯುವವನು. ಚಲ ಗುಣವನ್ನು ಅಳೆಯುವ ಮೀಟರ್ ಇಲ್ಲ ಎಂಬುದೂ ಗೊತ್ತು. ಆದರೂ ದಿನಚರಿಯನ್ನು ಗಮನಿಸಲು ಅದೊಂದು ಉಪಯುಕ್ತ ಭಾಷೆ ಎಂದು ನನ್ನ ಅನಿಸಿಕೆ. ಚರಕ ವಾತಕ್ಕೆ ಹೇಳುವ ಏಳು ಗುಣಗಳಲ್ಲಿ ಚಲದ ಜೊತೆಗೇ ರೂಕ್ಷವೂ ಇದೆ, ಅಂದರೆ ಒಣಗಿಸುವುದು. ಹೊತ್ತುಗೊತ್ತಿಲ್ಲದ ಊಟ, ನಿದ್ದೆಗೆಟ್ಟ ರಾತ್ರಿ, ಒಣ ತಿಂಡಿ ಇವುಗಳಿಂದ ಕೆರಳಿದ ವಾತಕ್ಕೆ ಮತ್ತಷ್ಟು ತಳ್ಳುವಿಕೆ ಮದ್ದಲ್ಲ. ಅದಕ್ಕೆ ಬೇಕಾದದ್ದು ಬಿಸಿ ಅನ್ನ, ತುಪ್ಪ, ಸೊಪ್ಪಿನ ಸಾರು, ನೀರು, ನಿಗದಿತ ಹೊತ್ತು. ಊರಲ್ಲಿ ಅಮ್ಮ ಇದನ್ನೆಲ್ಲ ಯಾವ ಗುಣದ ಹೆಸರೂ ಹೇಳದೆ ಬಡಿಸುತ್ತಿದ್ದಳು.

ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ರಾತ್ರಿಯ ಊಟ ಕಾಲ್‌ಗೆ ಮೊದಲೇ ಮಾಡು, ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗು. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಒಂದು ದಿನವೂ ಕಾಯಬೇಡ. ಮುಂದಿನ ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾನೆ. ಆ ಸಂಜೆಯ ಅವನ ಕಾಲ್ ನಾನು ನೋಡಿಕೊಳ್ಳುತ್ತೇನೆ.